ಸಸ್ಪೆನ್ಷನ್ ಬದಲಿಸಿದ ಕಾರಿನ ಚಕ್ರ ಹೊಂದಿಕೆ: ಪದ್ಮನಾಭನಗರದ ರಸ್ತೆಗಳನ್ನು ಮುಂದಿಟ್ಟುಕೊಂಡು

ಚಕ್ರ ಹೊಂದಿಕೆ ಎಂದರೆ ಕಾರಿನ ನಾಲ್ಕು ಚಕ್ರಗಳು ನೆಲಕ್ಕೆ, ಕಾರಿನ ನಡುಗೆರೆಗೆ ಮತ್ತು ಒಂದಕ್ಕೊಂದು ಯಾವ ಕೋನದಲ್ಲಿ ನಿಂತಿವೆ ಎಂದು ಅಳೆದು ಸರಿಪಡಿಸುವ ಕೆಲಸ. ಬೆಂಗಳೂರಿನ ಗ್ಯಾರೇಜುಗಳಲ್ಲೂ ಮನೆಗಳಲ್ಲೂ ಇದಕ್ಕೆ ವೀಲ್ ಅಲೈನ್‌ಮೆಂಟ್ ಎಂಬ ಹೆಸರೇ ರೂಢಿ. ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರಿಗೆ ತಯಾರಕರು ಕೊಟ್ಟ ಅಂಕಿಗಳಿವೆ, ಅವುಗಳಿಗೆ ಹೊಂದಿಸಿದರೆ ಕೆಲಸ ಮುಗಿಯುತ್ತದೆ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬುಷ್ ಅಥವಾ ಚಕ್ರದ ಅಳತೆ ಬದಲಿಸಿದ ಕಾರಿಗೆ ಆ ಅಂಕಿಗಳು ಪೂರ್ತಿ ಅನ್ವಯಿಸುವುದಿಲ್ಲ. ಅದಕ್ಕೆ ತಕ್ಕ ಅಂಕಿಗಳನ್ನು ಹೊಸದಾಗಿ ಆರಿಸಬೇಕು. ಹಾಗೆ ಆರಿಸುವಾಗ ಮೊದಲು ನೋಡಬೇಕಾದದ್ದು ಕಾರು ದಿನವೂ ಓಡುವ ಬೀದಿಯನ್ನು. ದಕ್ಷಿಣ ಬೆಂಗಳೂರಿನ ಪದ್ಮನಾಭನಗರದಲ್ಲಿ ಹಂಪುಗಳಿರುವ ಅಡ್ಡರಸ್ತೆ, ವರ್ತುಲ ರಸ್ತೆಯ ವೇಗ ಮತ್ತು ಕನಕಪುರ ರಸ್ತೆಯ ದೂರಪ್ರಯಾಣ ಒಂದೇ ಕಾರಿನ ಒಂದೇ ದಿನದೊಳಗೆ ಬರಬಹುದು. ಹಾಗಾಗಿ ಈ ವಿಷಯವನ್ನು ವಿವರಿಸಲು ಇದು ತಕ್ಕ ಜಾಗ.

ಮೂಲ ಕೋನಗಳು

ಟೋ: ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂತುದಿಗಳು ಒಳಕ್ಕೆ ತಿರುಗಿದ್ದರೆ ಟೋ-ಇನ್, ಹೊರಕ್ಕೆ ತಿರುಗಿದ್ದರೆ ಟೋ-ಔಟ್. ಟೈರ್ ಸವೆತದ ಮೇಲೆ ಇಷ್ಟು ಪ್ರಭಾವ ಬೀರುವ ಕೋನ ಇನ್ನೊಂದಿಲ್ಲ. ಒಂದು ಚಕ್ರ ನೇರ ದಾರಿಯಿಂದ 0.1 ಡಿಗ್ರಿ ಓರೆಯಾಗಿದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 1.75 ಮೀಟರಿನಷ್ಟು ಅಡ್ಡ ಎಳೆತವನ್ನು ಆ ಟೈರ್ ನೆಲಕ್ಕೆ ಉಜ್ಜಿಕೊಂಡೇ ನುಂಗಬೇಕು. 10,000 ಕಿಲೋಮೀಟರ್ ಓಡುವಷ್ಟರಲ್ಲಿ ಅದು 17 ಕಿಲೋಮೀಟರ್ ದಾಟುತ್ತದೆ. ಅಳೆಯುವ ಪಟ್ಟಿಯ ಮೇಲೆ ಇದು ಎಷ್ಟು ಸಣ್ಣದೆಂದರೆ, 15 ಇಂಚಿನ ರಿಮ್ಮಿನ ಮುಂತುದಿಗೂ ಹಿಂತುದಿಗೂ ಇರುವ ವ್ಯತ್ಯಾಸ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ.

ಕ್ಯಾಂಬರ್: ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ನೆಗೆಟಿವ್, ಹೊರಕ್ಕೆ ವಾಲಿದ್ದರೆ ಪಾಸಿಟಿವ್. ತಿರುವಿನಲ್ಲಿ ಕಾರು ಹೊರಮಗ್ಗುಲಿಗೆ ಒರಗಿದಾಗ ಹೊರಗಿನ ಟೈರ್ ತನ್ನ ಅಂಚಿನ ಮೇಲೆ ಏಳಲು ನೋಡುತ್ತದೆ. ಮೊದಲೇ ಕೊಟ್ಟ ಅಲ್ಪ ನೆಗೆಟಿವ್ ಕ್ಯಾಂಬರ್ ಅದನ್ನು ನೆಲಕ್ಕೆ ಸಪಾಟಾಗಿ ಕೂರಿಸುತ್ತದೆ.

ಕ್ಯಾಸ್ಟರ್: ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ಮೇಲ್ತುದಿ ಹಿಂದಕ್ಕೆ ವಾಲಿರುವ ಪ್ರಮಾಣ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೆಟ್ಟಗಾಗುವುದಕ್ಕೂ ಹೆದ್ದಾರಿಯಲ್ಲಿ ಕಾರು ನೇರ ಓಡುವುದಕ್ಕೂ ಕ್ಯಾಸ್ಟರ್ ಒಂದು ಮುಖ್ಯ ಕಾರಣ. ಕ್ಯಾಸ್ಟರ್ ಹೆಚ್ಚಿದ್ದಷ್ಟೂ ಸ್ಟೀರಿಂಗ್ ತಿರುಗಿಸಿದಾಗ ಹೊರಚಕ್ರಕ್ಕೆ ನೆಗೆಟಿವ್ ಕ್ಯಾಂಬರ್ ಸೇರುತ್ತದೆ. ನೇರ ಓಟದಲ್ಲಿ ಟೈರನ್ನು ಸವೆಸದೆ ತಿರುವಿನಲ್ಲಿ ಹಿಡಿತ ಕೊಡುವ ಗುಣ ಇದು.

ತಳ್ಳುಗೆರೆ: ಹಿಂಚಕ್ರಗಳೆರಡೂ ಸೇರಿ ಕಾರನ್ನು ಯಾವ ದಿಕ್ಕಿಗೆ ತಳ್ಳುತ್ತಿವೆ ಎಂಬುದನ್ನು ಸೂಚಿಸುವ ರೇಖೆ. ಅದು ಕಾರಿನ ನಡುಗೆರೆಯ ಮೇಲೆ ಬೀಳದಿದ್ದರೆ ನೇರ ರಸ್ತೆಯಲ್ಲೂ ಸ್ಟೀರಿಂಗ್ ಸೊಟ್ಟಗೆ ಹಿಡಿದೇ ಓಡಿಸಬೇಕಾಗುತ್ತದೆ.

ಹಿನ್ನೆಲೆ

ತಿರುವಿನಲ್ಲಿ ಒಳಚಕ್ರ ಹೊರಚಕ್ರಕ್ಕಿಂತ ಹೆಚ್ಚು ತಿರುಗಬೇಕೆಂಬ ತತ್ತ್ವ ಮೋಟಾರು ಕಾರಿಗಿಂತ ಹಳೆಯದು. ಮ್ಯೂನಿಕ್‌ನ ಸಾರೋಟು ತಯಾರಕ ಗಿಯೋರ್ಗ್ ಲಾಂಕೆನ್ಸ್‌ಪೆರ್ಗರ್ ರೂಪಿಸಿದ ಈ ಏರ್ಪಾಟಿಗೆ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್ಮನ್. ಏರ್ಪಾಟಿಗೆ ಇಂದಿಗೂ ಆಕರ್ಮನ್ನನ ಹೆಸರೇ ಉಳಿದಿದೆ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಎಂಜಿನಿಯರ್ ರೂಪಿಸಿದ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ನಿಲ್ಲುವ ಸ್ಟ್ರಟ್ 1950ರ ಹೊತ್ತಿಗೆ ಫೋರ್ಡ್ ಕಾರುಗಳ ಮೂಲಕ ಹರಡಿತು.

ಭಾರತದ ರಸ್ತೆಗಳಲ್ಲಿ ಅಂಬಾಸಿಡರ್, ಪದ್ಮಿನಿಗಳೇ ತುಂಬಿದ್ದ ಕಾಲದಲ್ಲಿ, 1983ರಲ್ಲಿ, ಮಾರುತಿ 800 ಬಂದಾಗ ಮುಂಚಕ್ರಕ್ಕೆ ಸ್ಟ್ರಟ್ ಇರುವ ವಿನ್ಯಾಸ ಮನೆಮನೆಗೂ ತಲುಪಿತು. ಇಂದು ಸ್ವಿಫ್ಟ್, ಪೋಲೊಗಳಂಥ ಕಾರುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಇರುವುದು ಎರಡು ಹಿಂಚಕ್ರಗಳನ್ನು ಜೋಡಿಸುವ ಟಾರ್ಷನ್ ಬೀಮ್. ಇಂಥ ಕಾರುಗಳಲ್ಲಿ ಕಾರ್ಖಾನೆ ಸಾಮಾನ್ಯವಾಗಿ ಸರಿಪಡಿಸಲು ಬಿಟ್ಟಿರುವುದು ಮುಂದಿನ ಟೋ ಒಂದನ್ನೇ. ಉಳಿದ ಕೋನಗಳನ್ನು ಭಾಗಗಳ ನಿಖರತೆಗೆ ಒಪ್ಪಿಸಲಾಗಿದೆ. ಸಸ್ಪೆನ್ಷನ್ ಬದಲಿಸಿದವರಿಗೆ ಎದುರಾಗುವ ಮೊದಲ ತೊಡಕು ಇದೇ. ಬದಲಾವಣೆಯಿಂದ ಎಲ್ಲ ಕೋನಗಳೂ ಕದಲುತ್ತವೆ, ಸರಿಪಡಿಸಲು ಕೈಗೆ ಸಿಗುವುದು ಒಂದು ಮಾತ್ರ.

ಎತ್ತರ ಬದಲಾದಾಗ

ಗಟ್ಟಿ ಸ್ಪ್ರಿಂಗ್ ಹಾಕಿ ಕಾರನ್ನು ತಗ್ಗಿಸಿದಾಗ ಸ್ಟ್ರಟ್ ಇರುವ ಮುಂಭಾಗದಲ್ಲಿ ಮೂರು ಪರಿಣಾಮಗಳು ಆಗುತ್ತವೆ. ಮೊದಲನೆಯದು, ಚಕ್ರದ ತಲೆ ಒಳಕ್ಕೆ ವಾಲಿ ನೆಗೆಟಿವ್ ಕ್ಯಾಂಬರ್ ಹೆಚ್ಚುತ್ತದೆ. ಎರಡನೆಯದು, ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕಂಬಿ) ಮತ್ತು ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿನ ಮೈಗೆ ಹಿಡಿಯುವ ತೋಳು) ಬೇರೆ ಬೇರೆ ಕಂಸಗಳಲ್ಲಿ ಚಲಿಸುವುದರಿಂದ ಟೋ ಬದಲಾಗುತ್ತದೆ. ಸ್ಟೀರಿಂಗ್ ರ‍್ಯಾಕ್ ಎಲ್ಲಿದೆ ಎಂಬುದರ ಮೇಲೆ ಅದು ಒಳಕ್ಕೋ ಹೊರಕ್ಕೋ ಹೋಗುತ್ತದೆ. ಮೂರನೆಯದು ಕಣ್ಣಿಗೆ ಕಾಣದ್ದು: ಕಾರು ಒರಗುವ ಕೇಂದ್ರ ಅದರ ಭಾರಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಲೋಯರ್ ಆರ್ಮಿನ ಹೊರತುದಿ ಒಳತುದಿಗಿಂತ ಮೇಲೇರಿ ಒಂದು ಮಿತಿ ದಾಟಿತೆಂದರೆ, ಚಕ್ರ ಇನ್ನೂ ಮೇಲೇರಿದಾಗ ಕ್ಯಾಂಬರ್ ಒಳಕ್ಕೆ ಬರುವ ಬದಲು ಹೊರಕ್ಕೆ ತಿರುಗುತ್ತದೆ. ಹೀಗೆ ಅತಿಯಾಗಿ ತಗ್ಗಿಸಿದ ಕಾರು ನಿಂತಾಗ ಚೆಂದ ಕಂಡರೂ ತಿರುವಿನಲ್ಲಿ ಹಿಡಿತ ಕಳೆದುಕೊಳ್ಳುತ್ತದೆ.

ಚಕ್ರ ಮೇಲೆ ಕೆಳಗೆ ಆಡುವಾಗ ಟೋ ತಾನಾಗಿ ಬದಲಾಗುವುದಕ್ಕೆ ಬಂಪ್ ಸ್ಟೀರ್ ಎನ್ನುತ್ತಾರೆ. ಗುಂಡಿಗೆ ಒಂದು ಚಕ್ರ ಇಳಿದಾಗ ಸ್ಟೀರಿಂಗ್ ಅಲುಗಿಸದಿದ್ದರೂ ಕಾರು ಪಕ್ಕಕ್ಕೆ ಜಿಗಿಯುವುದು ಇದರ ಲಕ್ಷಣ. ಅಲೈನ್‌ಮೆಂಟ್ ಯಂತ್ರ ನಿಂತ ಕಾರನ್ನು ಮಾತ್ರ ಅಳೆಯುವುದರಿಂದ ಈ ದೋಷ ಅದರ ಕಣ್ಣಿಗೆ ಬೀಳುವುದಿಲ್ಲ. ಸ್ಪ್ರಿಂಗ್ ತೆಗೆದು, ಚಕ್ರವನ್ನು ಜ್ಯಾಕಿನಿಂದ 10 ಮಿಲಿಮೀಟರಿನ ಹೆಜ್ಜೆಗಳಲ್ಲಿ ಏರಿಸಿ ಇಳಿಸಿ, ಪ್ರತಿ ಹೆಜ್ಜೆಗೂ ಟೋ ಬರೆದುಕೊಂಡರೆ ಅದು ತಿಳಿಯುತ್ತದೆ.

ಎತ್ತರಿಸಿದ ಗಾಡಿಗಳ ಕಥೆ ಬೇರೆ. ಜಿಪ್ಸಿ, ಜಿಮ್ನಿಗಳಂತೆ ಮುಂದೆ ಗಟ್ಟಿ ಆಕ್ಸಲ್ ಇರುವವುಗಳಲ್ಲಿ ಕ್ಯಾಂಬರ್ ಅಷ್ಟಾಗಿ ಕದಲುವುದಿಲ್ಲ. ಆದರೆ ಕಾಯಿಲ್ ಸ್ಪ್ರಿಂಗ್ ಮತ್ತು ರೇಡಿಯಸ್ ಆರ್ಮ್ ಇರುವ ಜಿಮ್ನಿಯನ್ನು ಏರಿಸಿದಾಗ ಆಕ್ಸಲ್ ಹೊರಳಿ ಕ್ಯಾಸ್ಟರ್ ಕಡಿಮೆಯಾಗುತ್ತದೆ, ಹೆದ್ದಾರಿಯಲ್ಲಿ ಗಾಡಿ ಅಲೆದಾಡುತ್ತದೆ. ಅದಕ್ಕೆ ಕ್ಯಾಸ್ಟರ್ ತಿದ್ದುವ ಬುಷ್ ಬೇಕು. ಪಟ್ಟಿ ಸ್ಪ್ರಿಂಗಿನ ಜಿಪ್ಸಿಯಲ್ಲಾದರೆ ಆಕ್ಸಲ್ ಮತ್ತು ಸ್ಪ್ರಿಂಗಿನ ನಡುವೆ ಓರೆಪಟ್ಟಿ ಕೂರಿಸುತ್ತಾರೆ.

ಪದ್ಮನಾಭನಗರದ ರಸ್ತೆ ಕೇಳುವುದೇನು

ಬನಶಂಕರಿ, ಕುಮಾರಸ್ವಾಮಿ ಲೇಔಟ್, ಚಿಕ್ಕಲಸಂದ್ರಗಳ ನಡುವಿನ ಈ ಬಡಾವಣೆಯ ಕಾರೊಂದರ ದಿನಚರಿ ಹೀಗಿರುತ್ತದೆ: ಮನೆಯ ಬೇಸ್‌ಮೆಂಟ್ ಇಳಿಜಾರಿನಿಂದ ಹೊರಬಂದು, ಅಡ್ಡರಸ್ತೆಯ ಹಂಪುಗಳನ್ನು ದಾಟಿ, ದೇವೇಗೌಡ ಪೆಟ್ರೋಲ್ ಬಂಕ್ ವೃತ್ತದಲ್ಲಿ ವರ್ತುಲ ರಸ್ತೆ ಸೇರಿ, ಕದಿರೇನಹಳ್ಳಿ ಕೆಳಸೇತುವೆಯಲ್ಲಿ ಇಳಿದೇರಿ, ಸಾರಕ್ಕಿಯ ಕಡೆ ಸಾಗುವುದು. ರಜೆಯ ದಿನ ಅದೇ ಕಾರು ಕನಕಪುರ ರಸ್ತೆಯಲ್ಲೋ ನೈಸ್ ರಸ್ತೆಯಲ್ಲೋ ನೇರ ಓಟಕ್ಕೆ ಬೀಳುತ್ತದೆ.

ಇಲ್ಲಿ ಮೊದಲ ಲೆಕ್ಕ ನೆಲದ ಅಂತರದ್ದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ದುಂಡು ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮ ಹ್ಯಾಚ್‌ಬ್ಯಾಕ್, ಸೆಡಾನುಗಳ ನೆಲದ ಅಂತರ ಬಹುಪಾಲು 165 ಮಿಲಿಮೀಟರಿನ ಆಸುಪಾಸು. ಅದನ್ನು 35 ಮಿಲಿಮೀಟರ್ ತಗ್ಗಿಸಿದರೆ ಉಳಿಯುವುದು 130. ನಾಲ್ವರು ಕುಳಿತು ಸ್ಪ್ರಿಂಗ್ ಕುಗ್ಗಿದಾಗ ಮಾನದಂಡದ ಹಂಪಿಗೇ ಉಸಿರಾಡುವಷ್ಟು ಜಾಗವೂ ಇರುವುದಿಲ್ಲ. ಮಾನದಂಡ ಮೀರಿ ಕಡಿದಾಗಿ ಕಟ್ಟಿದ ಹಂಪಿಗಂತೂ ತಳ ತಾಗುವುದು ಖಚಿತ. ತಳ ತಾಗಿದ ಪೆಟ್ಟು ಲೋಯರ್ ಆರ್ಮನ್ನು ಬಗ್ಗಿಸಿದರೆ ಎಷ್ಟು ಕಾಳಜಿಯಿಂದ ಮಾಡಿಸಿದ ಅಲೈನ್‌ಮೆಂಟೂ ಆ ಕ್ಷಣವೇ ವ್ಯರ್ಥ. ಆದ್ದರಿಂದ ಈ ಬಡಾವಣೆಯ ಕಾರಿಗೆ 15ರಿಂದ 25 ಮಿಲಿಮೀಟರಿಗಿಂತ ಹೆಚ್ಚು ತಗ್ಗಿಸದಿರುವುದೇ ವಿವೇಕ.

ಎರಡನೆಯ ಲೆಕ್ಕ ರಸ್ತೆಯ ಓರೆಯದು. ಮಳೆನೀರು ಹರಿದುಹೋಗಲೆಂದು ಡಾಂಬರು ರಸ್ತೆಯ ಮೈಯನ್ನು ಸುಮಾರು 2 ಪ್ರತಿಶತ ಓರೆಯಾಗಿ ಕಟ್ಟುತ್ತಾರೆ. ರಸ್ತೆ ಎಂಜಿನಿಯರರು ಅದನ್ನೂ ಕ್ಯಾಂಬರ್ ಎಂದೇ ಕರೆಯುವುದುಂಟು. ನಾವು ಎಡಗಡೆ ಓಡಿಸುವುದರಿಂದ ಕಾರು ಸಹಜವಾಗಿ ಎಡಕ್ಕೆ ಜಾರಲು ನೋಡುತ್ತದೆ. ಕ್ಯಾಸ್ಟರ್ ಕಡಿಮೆ ಇರುವ ಕಡೆಗೂ ಕ್ಯಾಂಬರ್ ಹೆಚ್ಚು ಪಾಸಿಟಿವ್ ಇರುವ ಕಡೆಗೂ ಕಾರು ವಾಲುವುದರಿಂದ, ಎಡಚಕ್ರದ ಕ್ಯಾಸ್ಟರನ್ನು ಬಲಕ್ಕಿಂತ ಅರ್ಧ ಡಿಗ್ರಿಯೊಳಗೆ ಹೆಚ್ಚಿಟ್ಟರೆ ಈ ಎಳೆತ ಸರಿದೂಗುತ್ತದೆ. ಅಮೆರಿಕದ ಕೈಪಿಡಿಗಳು ಬಲಗಡೆಯ ಓಡಾಟಕ್ಕೆ ಬರೆದವು, ಅವುಗಳ ಸಲಹೆಯನ್ನು ಇಲ್ಲಿ ತಿರುಗಿಸಿ ಓದಿಕೊಳ್ಳಬೇಕು.

ಮೂರನೆಯದು ಗುಂಡಿ. ಮುಂಗಾರು ಶುರುವಾದ ಮೇಲೆ ನೀರು ತುಂಬಿದ ಗುಂಡಿಯ ಆಳ ಕಾಣುವುದಿಲ್ಲ. ಗಟ್ಟಿ ಸ್ಪ್ರಿಂಗ್ ಮತ್ತು ತೆಳು ಅಂಚಿನ ಟೈರ್ ಸೇರಿದಾಗ ಪೆಟ್ಟು ನೇರವಾಗಿ ಟೈ ರಾಡ್ ಎಂಡ್, ಬಾಲ್ ಜಾಯಿಂಟುಗಳಿಗೆ ಇಳಿಯುತ್ತದೆ. ಮಳೆಗಾಲ ಕಳೆದ ಮೇಲೆ ಒಮ್ಮೆ ಮತ್ತೆ ಅಳೆಸುವುದು ಇಲ್ಲಿನ ಕಾರಿಗೆ ಅಗತ್ಯದ ಆರೈಕೆ.

ತಿದ್ದುವ ಭಾಗಗಳು

ಮುಂದಿನ ಕ್ಯಾಂಬರ್ ತಿದ್ದಲು ಎರಡು ದಾರಿಗಳಿವೆ. ಸ್ಟ್ರಟ್ಟನ್ನು, ಚಕ್ರದ ಹಬ್ಬನ್ನು ಹೊರುವ ನಕಲ್ ಎಂಬ ಭಾಗಕ್ಕೆ ಹಿಡಿಯುವ ಎರಡು ಬೋಲ್ಟುಗಳಲ್ಲಿ ಒಂದರ ಬದಲು ಕ್ಯಾಮ್ ಇರುವ ಕ್ಯಾಂಬರ್ ಬೋಲ್ಟ್ ಹಾಕುವುದು ಅಗ್ಗದ ದಾರಿ. ಅದರ ದಂಡ ಮೂಲ ಬೋಲ್ಟಿಗಿಂತ ತೆಳುವಾಗಿರುವುದರಿಂದ ನಿಗದಿತ ಟಾರ್ಕಿಗೆ ಬಿಗಿಯದಿದ್ದರೆ ಗುಂಡಿಯ ಪೆಟ್ಟಿಗೆ ಜಾರುತ್ತದೆ. ಸ್ಟ್ರಟ್ಟಿನ ತಲೆಯಲ್ಲಿ ಕೂರುವ ಕ್ಯಾಂಬರ್ ಪ್ಲೇಟ್ ಎರಡನೆಯ ದಾರಿ. ರಬ್ಬರಿನ ಬದಲು ಲೋಹದ ಗುಂಡುಬೇರಿಂಗ್ ಇರುವ ಪ್ಲೇಟುಗಳು ನಿಖರವಾಗಿವೆ, ಆದರೆ ರಸ್ತೆಯ ಸದ್ದನ್ನೆಲ್ಲ ಕಾರಿನೊಳಕ್ಕೆ ತರುತ್ತವೆ, ಧೂಳು ನೀರಿಗೆ ಬೇಗ ಸವೆಯುತ್ತವೆ. ಸ್ಟ್ರಟ್ಟಿನ ರಂಧ್ರವನ್ನು ಫೈಲಿನಿಂದ ಉಜ್ಜಿ ಅಗಲ ಮಾಡುವುದು ಅಪಾಯದ ಕೆಲಸ, ಅದನ್ನು ಮಾಡಲೇಬಾರದು.

ಹಿಂದಿನ ಟಾರ್ಷನ್ ಬೀಮಿನಲ್ಲಿ ತಿರುಗಿಸುವ ಬೋಲ್ಟೇ ಇರುವುದಿಲ್ಲ. ಆಕ್ಸಲ್ ತುದಿಗೂ ಬೀಮಿಗೂ ನಡುವೆ ಓರೆ ಶಿಮ್ ಇಟ್ಟು ಟೋ ಮತ್ತು ಕ್ಯಾಂಬರ್ ತಿದ್ದಬಹುದು. ಅದಕ್ಕೂ ಮುನ್ನ ಬೀಮ್ ಬಗ್ಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಗ್ಗಿದ ಭಾಗಕ್ಕೆ ಶಿಮ್ ಇಡುವುದು ಮುರಿದ ಮೂಳೆಗೆ ಬಟ್ಟೆ ಸುತ್ತಿದ ಹಾಗೆ.

ಟೈರ್ ಮತ್ತು ರಿಮ್ ಬದಲಾವಣೆಯೂ ಈ ಲೆಕ್ಕದೊಳಗೇ ಬರುತ್ತದೆ. 165/80 ಆರ್14 ಟೈರಿನ ವ್ಯಾಸ ಸುಮಾರು 620 ಮಿಲಿಮೀಟರ್, 185/65 ಆರ್15 ಟೈರಿನದು ಸುಮಾರು 622. ಎತ್ತರ ಹೆಚ್ಚುಕಡಿಮೆ ಒಂದೇ. ಆದರೆ ಹೊಸ ರಿಮ್ಮಿನ ಆಫ್‌ಸೆಟ್ ಬೇರೆಯಾದರೆ ತಿರುಗುವ ಅಕ್ಷಕ್ಕೂ ಟೈರಿನ ನಡುವಿಗೂ ಇರುವ ಅಂತರ ಬದಲಾಗಿ, ಬ್ರೇಕ್ ಹಿಡಿದಾಗ ಸ್ಟೀರಿಂಗ್ ಕೈಯಲ್ಲಿ ಎಳೆಯತೊಡಗುತ್ತದೆ. ಇದನ್ನು ಯಾವ ಅಲೈನ್‌ಮೆಂಟ್ ಯಂತ್ರವೂ ತಿದ್ದಲಾರದು.

ಅಳೆಯುವ ಸಾಧನ

ದಕ್ಷಿಣ ಬೆಂಗಳೂರಿನ ಟೈರ್ ಅಂಗಡಿಗಳ ಫಲಕಗಳಲ್ಲಿ ಈಗ ಕಾಣುವ 3ಡಿ ಅಲೈನ್‌ಮೆಂಟ್ ಎಂದರೆ, ಚಕ್ರಗಳಿಗೆ ಕಟ್ಟಿದ ಚುಕ್ಕೆಫಲಕಗಳನ್ನು ಕ್ಯಾಮೆರಾ ನೋಡಿ ಕೋನ ಲೆಕ್ಕ ಹಾಕುವ ಪದ್ಧತಿ. ಕೊಯಮತ್ತೂರಿನ ಎಟಿಎಸ್ ಎಲ್ಜಿ, ಪುದುಚೇರಿಯ ಮನಾಟೆಕ್ ಮುಂತಾದ ಸಂಸ್ಥೆಗಳು ಇಂಥ ಯಂತ್ರಗಳನ್ನು ದೇಶದಲ್ಲೇ ತಯಾರಿಸುತ್ತವೆ. ಯಂತ್ರ ಎಷ್ಟೇ ಹೊಸದಾದರೂ ನಾಲ್ಕು ಷರತ್ತುಗಳು ಪಾಲನೆಯಾಗಬೇಕು: ಕಾರು ನಿಲ್ಲುವ ವೇದಿಕೆ ಸಮತಟ್ಟಾಗಿರಬೇಕು, ಮುಂಚಕ್ರದಡಿಯ ತಿರುಗುತಟ್ಟೆ ಸಲೀಸಾಗಿ ಆಡಬೇಕು, ಹಿಂಚಕ್ರದಡಿಯ ಜಾರುಫಲಕ ಸಿಕ್ಕಿಕೊಳ್ಳಬಾರದು, ಕಾರನ್ನು ಹಿಂದೆ ಮುಂದೆ ತಳ್ಳಿ ರಿಮ್ಮಿನ ಸೊಟ್ಟವನ್ನು ಲೆಕ್ಕದಿಂದ ಕಳೆದಿರಬೇಕು.

ಯಂತ್ರವಿಲ್ಲದೆಯೂ ಅಳೆಯಬಹುದು. ಕಾರಿನ ಎರಡೂ ಬದಿಗೆ ನಡುಗೆರೆಗೆ ಸಮಾಂತರವಾಗಿ ದಾರ ಕಟ್ಟಿ, ದಾರದಿಂದ ರಿಮ್ಮಿನ ಮುಂತುದಿ ಹಿಂತುದಿಗಳ ಅಂತರ ಅಳೆದರೆ ಟೋ ಸಿಗುತ್ತದೆ. ತೂಗುಗುಂಡು ಇಳಿಬಿಟ್ಟು 380 ಮಿಲಿಮೀಟರ್ ರಿಮ್ಮಿನ ಮೇಲ್ತುದಿಗೂ ಕೆಳತುದಿಗೂ 6.6 ಮಿಲಿಮೀಟರ್ ವ್ಯತ್ಯಾಸ ಕಂಡರೆ ಅದು 1 ಡಿಗ್ರಿ ಕ್ಯಾಂಬರ್. ಚಕ್ರವನ್ನು 20 ಡಿಗ್ರಿ ಒಳಕ್ಕೂ 20 ಡಿಗ್ರಿ ಹೊರಕ್ಕೂ ತಿರುಗಿಸಿ, ಎರಡು ಕಡೆಯ ಕ್ಯಾಂಬರ್ ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿದರೆ ಕ್ಯಾಸ್ಟರ್ ದೊರೆಯುತ್ತದೆ. ರೇಸ್ ತಂಡಗಳು ಇಂದಿಗೂ ದಾರವನ್ನು ನಂಬುತ್ತವೆ.

ಕೆಲಸದ ಕ್ರಮ

ಅಲೈನ್‌ಮೆಂಟಿಗೆ ಮುನ್ನ ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಲಿಂಕ್ ರಾಡ್, ವೀಲ್ ಬೇರಿಂಗ್ ಮತ್ತು ಬುಷ್ ಪರೀಕ್ಷಿಸಬೇಕು. ಆಟ ಇರುವ ಜಾಯಿಂಟಿನ ಮೇಲೆ ಹೊಂದಿಸಿದ ಕೋನ ಗೇಟು ದಾಟುವ ತನಕವೂ ಉಳಿಯುವುದಿಲ್ಲ. ಲೋಯರ್ ಆರ್ಮಿನ ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ಚಕ್ರಗಳ ಮೇಲೆ ಭಾರ ಹೊತ್ತು ನಿಂತಾಗಲೇ ಕೊನೆಯ ಬಿಗಿ ಮಾಡಬೇಕು. ಲಿಫ್ಟಿನ ಮೇಲೆ ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ, ಎತ್ತರವೂ ಸುಳ್ಳಾಗುತ್ತದೆ.

ಆ ಬಳಿಕದ ಕ್ರಮ ಹೀಗೆ. ಟೈರಿನ ಗಾಳಿ ತಂಪಿನಲ್ಲಿ ನಿಗದಿಗೆ ತರುವುದು. ಇಂಧನ ಅರ್ಧ ಟ್ಯಾಂಕ್ ಇಟ್ಟು, ಚಾಲಕನ ಸೀಟಿನಲ್ಲಿ ಆತನಷ್ಟೇ ತೂಕ ಇಡುವುದು. ಹಬ್ಬಿನ ನಡುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಮೂಲೆಗಳ ಎತ್ತರ ಅಳೆದು ಎಡಬಲ ಸಮ ಮಾಡುವುದು. ಎತ್ತರ ನಿಶ್ಚಯವಾದ ಮೇಲೆ ಹಿಂದಿನ ಚಕ್ರಗಳು, ಆಮೇಲೆ ಮುಂದಿನ ಕ್ಯಾಸ್ಟರ್, ನಂತರ ಕ್ಯಾಂಬರ್, ಎಲ್ಲಕ್ಕೂ ಕೊನೆಗೆ ಸ್ಟೀರಿಂಗ್ ನೆಟ್ಟಗೆ ಕಟ್ಟಿ ಟೋ. ಮೊದಲಿನ ಯಾವ ಕೋನವನ್ನು ಮುಟ್ಟಿದರೂ ಟೋ ಕೆಡುವುದರಿಂದ ಈ ಸರಣಿ ತಲೆಕೆಳಗಾಗುವಂತಿಲ್ಲ. ವಿದ್ಯುತ್ ಸ್ಟೀರಿಂಗ್ ಮತ್ತು ಸ್ಥಿರತೆ ನಿಯಂತ್ರಣ ಇರುವ ಕಾರಿನಲ್ಲಿ ಸ್ಟೀರಿಂಗ್ ಕೋನದ ಸೆನ್ಸಾರನ್ನು ಮತ್ತೆ ಸೊನ್ನೆಗೆ ತರಬೇಕಾಗಬಹುದು. ಲೇನ್ ಗುರುತಿಸುವ ಕ್ಯಾಮೆರಾ ಇದ್ದರೆ ತಯಾರಕರ ವಿಧಾನದಂತೆ ಅದನ್ನೂ ಪರೀಕ್ಷಿಸಬೇಕು.

ಬೀದಿಗೆ ತಕ್ಕ ಅಂಕಿಗಳು

ಮುಂಚಕ್ರ ಚಾಲನೆಯ, ಹಿತವಾಗಿ ತಗ್ಗಿಸಿದ ಬೀದಿ ಕಾರಿಗೆ ಆರಂಭದ ಅಂಕಿಗಳಾಗಿ ಇವು ಒಪ್ಪುತ್ತವೆ. ಮುಂದಿನ ಕ್ಯಾಂಬರ್ ನೆಗೆಟಿವ್ 1.0ರಿಂದ 1.5 ಡಿಗ್ರಿ, ಎಡಬಲದ ವ್ಯತ್ಯಾಸ ಅರ್ಧ ಡಿಗ್ರಿಯೊಳಗೆ. ಮುಂದಿನ ಟೋ ಸೊನ್ನೆ, ಇಲ್ಲವೇ ಪ್ರತಿ ಚಕ್ರಕ್ಕೆ 0.05 ಡಿಗ್ರಿ ಒಳಕ್ಕೆ. ಕ್ಯಾಸ್ಟರ್ ಕಾರ್ಖಾನೆಯ ಅಂಕಿಗಿಂತ ಕಡಿಮೆಯಾಗದಂತೆ. ಹಿಂದೆ ಒಟ್ಟು ಟೋ 0.1ರಿಂದ 0.3 ಡಿಗ್ರಿ ಒಳಕ್ಕೆ. ಹಿಂದೆ ಟೋ-ಔಟ್ ಆದರೆ ಮಳೆಯಲ್ಲಿ ಬ್ರೇಕ್ ಹಿಡಿದಾಗ ಕಾರಿನ ಬಾಲ ಹೊರಳಬಹುದು, ಅದಕ್ಕೆ ಅವಕಾಶ ಕೊಡಬಾರದು.

ಇರುಂಗಾಟ್ಟುಕೋಟೈನ ಮದ್ರಾಸ್ ಟ್ರ್ಯಾಕಿನಲ್ಲೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲೋ ಓಡುವ ರೇಸ್ ಕಾರಿನ ದೊಡ್ಡ ನೆಗೆಟಿವ್ ಕ್ಯಾಂಬರನ್ನು ಇಲ್ಲಿಗೆ ತಂದರೆ ವರ್ತುಲ ರಸ್ತೆಯ ಸಿಗ್ನಲ್‌ಗಳ ನಡುವೆ ಟೈರಿನ ಒಳಅಂಚು ಸುಮ್ಮನೆ ಸವೆಯುತ್ತದೆ, ತುರ್ತು ಬ್ರೇಕಿನ ಹಿಡಿತವೂ ಕುಗ್ಗುತ್ತದೆ. ಚಿಕ್ಕಮಗಳೂರು, ಕೊಡಗಿನ ತೋಟದ ಹಾದಿಗಳ ರ‍್ಯಾಲಿ ಕಾರುಗಳ ಹೊಂದಿಕೆಯೂ ಮಣ್ಣಿಗೆ ಹೇಳಿ ಮಾಡಿಸಿದ್ದು, ಡಾಂಬರಿಗಲ್ಲ.

ಟೈರೇ ಕೊನೆಯ ಸಾಕ್ಷಿ. ಒಳಗಡೆ ಮಾತ್ರ ನುಣುಪಾಗಿ ಸವೆದಿದ್ದರೆ ಕ್ಯಾಂಬರ್ ಹೆಚ್ಚು. ಅಂಗೈಯಿಂದ ಅಡ್ಡಡ್ಡ ಸವರಿದಾಗ ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಗರಗಸದಂತೆ ಚುಚ್ಚಿದರೆ ಟೋ ತಪ್ಪು. ಅಲ್ಲಲ್ಲಿ ಬೋಗುಣಿಯಂತೆ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ ಅಥವಾ ಚಕ್ರದ ಸಮತೋಲ ಕೆಟ್ಟಿದೆ. ಹೊಸ ಸ್ಪ್ರಿಂಗುಗಳು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಕೂರುತ್ತವೆ, ಆಗ ಎರಡನೆಯ ಅಳತೆ ಕಡ್ಡಾಯ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಸೇರಿಸಿದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಕೋನ ಹೊಂದಿಸುವುದು ನಿರ್ವಹಣೆಯ ಕೆಲಸ. ಎತ್ತರ, ಚಕ್ರದ ಅಳತೆಗಳನ್ನು ಬದಲಿಸುವ ಮುನ್ನ ಮಾತ್ರ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಹಸಿರು ಬಣ್ಣವೂ ಬರೆದಿಟ್ಟ ಅಂಕಿಯೂ

ಯಂತ್ರದ ತೆರೆಯ ಮೇಲೆ ಹಸಿರು ಬಂದರೆ ಗ್ರಾಹಕರು ನಿಶ್ಚಿಂತರಾಗಿ ಹೊರಡುತ್ತಾರೆ. ಆ ಹಸಿರು ಹೇಳುವುದು ಮೂಲ ಎತ್ತರದ ಕಾರಿಗೆ ತಯಾರಕರು ಕೊಟ್ಟ ಮಿತಿಯೊಳಗೆ ಅಂಕಿ ಇದೆ ಎಂದಷ್ಟೇ. ಮಿತಿ ಅಗಲವಾಗಿದ್ದರೆ ಎಡ ಒಂದು ತುದಿಯಲ್ಲೂ ಬಲ ಇನ್ನೊಂದು ತುದಿಯಲ್ಲೂ ಇದ್ದು ಎರಡೂ ಹಸಿರಾಗಿಯೇ ಕಾಣಬಹುದು, ಕಾರು ಮಾತ್ರ ಒಂದು ಕಡೆಗೆ ಎಳೆಯುತ್ತಲೇ ಇರುತ್ತದೆ. ಇನ್ನೊಂದು ಕಡೆ, ಬದಲಿಸಿದ ಸಸ್ಪೆನ್ಷನ್ನಿಗೆ ಯೋಚಿಸಿ ಆರಿಸಿದ ಒಳ್ಳೆಯ ಕ್ಯಾಂಬರ್ ಕೆಂಪಾಗಿ ಕಾಣಬಹುದು. ಆದ್ದರಿಂದ ಬೇಕಾದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೆಲಸಗಾರರ ಮುಂದಿಟ್ಟು ಮಾತಾಡಬೇಕು. ತಿದ್ದುವ ಮುಂಚಿನ ಮತ್ತು ನಂತರದ ಮುದ್ರಿತ ಹಾಳೆಗಳೆರಡನ್ನೂ ಕೇಳಿ ಪಡೆದು ಜೋಪಾನ ಮಾಡಬೇಕು. ಮುಂದಿನ ಮಳೆಗಾಲ ಕಳೆದು ಅದೇ ವೇದಿಕೆಗೆ ಕಾರು ಏರಿದಾಗ ಹಳೆಯ ಹಾಳೆಯ ಪಕ್ಕಕ್ಕೆ ಹೊಸ ಹಾಳೆ ಇಟ್ಟು ನೋಡಿದರೆ, ಯಾವ ಮೂಲೆ ಎಷ್ಟು ಕದಲಿದೆ, ಯಾವ ಜಾಯಿಂಟನ್ನು ಮೊದಲು ಪರೀಕ್ಷಿಸಬೇಕು ಎಂಬುದು ಅಲ್ಲೇ ತಿಳಿಯುತ್ತದೆ.